ಅಂಗಡಿಯಲ್ಲಿ ಸಿಗದ ಟ್ರ್ಯಾಕ್ಟರ್: ಪೈಪು, ಹರಕು ಚಪ್ಪಲಿ ಮತ್ತು ನಮ್ಮಪ್ಪನ ಎಚ್‌ಎಂಟಿ

(ಪಾಡ್‌ಕಾಸ್ಟ್‌ನ ಅಕ್ಷರರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕುಂತವರಿಗೆ, ಕಬ್ಬಿಗೆ ನೀರು ಹಾಯಿಸಿಕೋತ ಕೇಳಾಕತ್ತವರಿಗೆ, ರಾತ್ರಿ ನಿದ್ದಿ ಬರಲಾರದ ಕೇಳಾಕತ್ತವರಿಗೆ, ಎಲ್ಲಾರಿಗೂ ನಮಸ್ಕಾರ.

ಮೊದಲು ಒಂದು ಶಬ್ದ ಕೇಳ್ರಿ.

[ಸಣ್ಣ ಮೋಟರ್ ನಿಧಾನವಾಗಿ ತಿರುಗುವ ಶಬ್ದ]

ಇದು ಮಿಕ್ಸರ್ ಅಲ್ಲ, ಫ್ಯಾನ್ ಅಲ್ಲ. ನನ್ನ ಟೇಬಲ್ ಮೇಲೆ ಓಡಾಡುತ್ತಿರುವ ಟ್ರ್ಯಾಕ್ಟರ್. ಉದ್ದ ಒಂದು ಅಡಿಗಿಂತ ತುಸು ಜಾಸ್ತಿ. ತೂಕ ಎರಡು ಕಿಲೋ ಒಳಗೆ. ಬಾನೆಟ್ ಪೈಪಿನದು, ಟೈರು ಹವಾಯಿ ಚಪ್ಪಲಿಯದು. ಆದರೆ ಇದು ಆಟಿಗೆ ಸಾಮಾನು ಅಲ್ಲ ಅಂತ ನಾನು ಹೇಳಿದರೆ ನೀವು ನಗಬಹುದು. ನಗ್ರಿ, ಅಡ್ಡಿಯಿಲ್ಲ. ಕಡೇತನಕ ಕೇಳಿದ ಮೇಲೂ ನಗು ಬಂದರೆ ನಾನೂ ನಿಮ್ಮ ಜೊತೆ ನಗುತ್ತೇನೆ.

ನಾನು ಮೂಡಲಗಿ ತಾಲ್ಲೂಕಿನವನು. ಮೊದಲು ನಮ್ಮದೆಲ್ಲ ಗೋಕಾಕ ತಾಲ್ಲೂಕೇ ಆಗಿತ್ತು, ಈಗ ಬೇರೆ ಆಗಿದೆ. ಊರು ಘಟಪ್ರಭಾ ಹೊಳೆಯ ದಂಡೆಗೆ. ಕೆಲಸ ಗೋಕಾಕದಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಅಂಗಡಿಯಲ್ಲಿ. ಹಗಲು ದೊಡ್ಡ ಟ್ರ್ಯಾಕ್ಟರಿಗೆ ಸಾಮಾನು ಮಾರುತ್ತೇನೆ, ರಾತ್ರಿ ಸಣ್ಣ ಟ್ರ್ಯಾಕ್ಟರಿಗೆ ಸಾಮಾನು ಹುಡುಕುತ್ತೇನೆ.

ನಮ್ಮ ಕಡೆಯ ಹುಡುಗರು ಮಾಡುವ ಮಾಡೆಲ್ ಟ್ರ್ಯಾಕ್ಟರುಗಳನ್ನು ನೀವು ರೀಲ್ಸ್‌ನಲ್ಲಿ ನೋಡಿರಬೇಕು. ಹಿಂದೆ ಎರಡು ಟ್ರ್ಯಾಲಿ, ಟ್ರ್ಯಾಲಿ ತುಂಬ ಕಸಬರಿಗೆ ಕಡ್ಡಿಯ ಕಬ್ಬು, ಮಡ್‌ಗಾರ್ಡ್ ಮೇಲೆ ಬೆಂಕಿಪೊಟ್ಟಣದಷ್ಟು ಸ್ಪೀಕರ್, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಅದರ ಬಗ್ಗೆಯೇ ಇವತ್ತಿನ ಮಾತು. ಹೇಗೆ ಮಾಡೋದು ಅನ್ನೋದೂ ಹೇಳ್ತೀನಿ, ನಾನು ಯಾಕೆ ಮಾಡಿದೆ ಅನ್ನೋದೂ ಹೇಳ್ತೀನಿ.

ಮಣ್ಣೆತ್ತಿನ ಪಕ್ಕ

ನಾನು ಎರಡನೇತ್ತ ಓದುವಾಗ ಅಪ್ಪ ಒಂದು ಹಳೇ ಎಚ್‌ಎಂಟಿ 3522 ತಂದ. ಸೆಕೆಂಡ್ ಹ್ಯಾಂಡ್. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಎರಡು ಎತ್ತು ಇದ್ದವು. ಟ್ರ್ಯಾಕ್ಟರ್ ಬಂದ ವರ್ಷವೇ ಎತ್ತು ಮಾರಿದರು.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆ ನನಗೆ ಚೆನ್ನಾಗಿ ನೆನಪಿದೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಕಾರ ಹುಣ್ಣಿಮೆ ಆದ ಮೇಲೆ ಬರುವ ಅಮಾವಾಸ್ಯೆಗೆ ನಮ್ಮ ಕಡೆ ಕರಿಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಮೇವು ಹಾಕುವ ಗೋದಲಿಯನ್ನೂ ಮಣ್ಣಿನಲ್ಲೇ ಮಾಡಿ, ಜಗಲಿ ಮೇಲೆ ಇಟ್ಟು ಪೂಜೆ ಮಾಡುತ್ತಾರೆ. ನಾನು ಎತ್ತಿನ ಜೊತೆ ಒಂದು ಮಣ್ಣಿನ ಟ್ರ್ಯಾಕ್ಟರೂ ಮಾಡಿದೆ. ಗಾಲಿಗೆ ಬಾಟಲಿ ಮುಚ್ಚಳ ಒತ್ತಿದ್ದೆ. ಅಣ್ಣಂದಿರು ನಕ್ಕರು. ನಮ್ಮಾಯಿ, ಅಂದ್ರ ಅಪ್ಪನ ತಾಯಿ, ನಗಲಿಲ್ಲ. "ದುಡಿಯೂದು ಅದ ಅಲ್ಲೇನೋ ಈಗ? ಇಡು ಎತ್ತಿನ ಬಾಜೂಕ" ಅಂದಳು. ಅದಕ್ಕೂ ಅರಿಶಿನ ಕುಂಕುಮ ಏರಿಸಿದಳು.

ನನ್ನ ಮೊದಲ ಮಾಡೆಲ್ ಅದು. ಅಳತೆ ಇಲ್ಲ, ಲೆಕ್ಕ ಇಲ್ಲ, ಮಣ್ಣು ಅಷ್ಟೇ.

ಒಂದಕ್ಕೆ ಹತ್ತು ಅಂದ್ರ ಏನು?

ಆಟಿಗೆ ಸಾಮಾನಿಗೂ ಮಾಡೆಲ್‌ಗೂ ಇರುವ ಫರಕು ಅಳತೆ. ಈ ಅಳತೆಗೆ ಸ್ಕೇಲ್ ಅನ್ನುತ್ತಾರೆ. 1:32 ಅಂದರೆ ನಿಜವಾದ ಟ್ರ್ಯಾಕ್ಟರಿನ 32 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್.

ಗೋಕಾಕದವರಿಗೆ ಸುಲಭ ಮಾಡಿ ಹೇಳ್ತೀನಿ. ನಮ್ಮ ಗೋಕಾಕ ಫಾಲ್ಸ್ ಎತ್ತರ ಸುಮಾರು 52 ಮೀಟರ್. ಅದನ್ನು 1:32ಕ್ಕೆ ಇಳಿಸಿದರೆ 1.6 ಮೀಟರ್, ಹೆಚ್ಚುಕಡಿಮೆ ನಿಮ್ಮ ಮೂಗಿನ ಮಟ್ಟ. 1:16ಕ್ಕೆ ಮೂರೂಕಾಲು ಮೀಟರ್, ಅಂದರೆ ಮನೆಯ ಮಾಳಿಗೆ. 1:10ಕ್ಕೆ ಐದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅದೇ ಫಾಲ್ಸ್, ಅದೇ ಕುದುರೆ ಲಾಳದ ಆಕಾರ. ಎಲ್ಲವೂ ಒಂದೇ ಲೆಕ್ಕದಲ್ಲಿ ಸಣ್ಣದಾಗಬೇಕು. ಬಾನೆಟ್ ಒಂದು ಲೆಕ್ಕ, ಗಾಲಿ ಇನ್ನೊಂದು ಲೆಕ್ಕ ಆದರೆ ಅದು ಆಟಿಗೆ ಸಾಮಾನು.

ಹೊರದೇಶದಲ್ಲಿ ಇದು ದೊಡ್ಡ ಹವ್ಯಾಸ. ಅಮೆರಿಕದ ಅಯೋವಾ ರಾಜ್ಯದ ಡುಬ್ಯೂಕ್ ಊರಿನಲ್ಲಿ 1945ರಲ್ಲಿ ಫ್ರೆಡ್ ಅರ್ಟಲ್ ಎಂಬ ಎರಕದ ಕೆಲಸಗಾರ ಮನೆಯಲ್ಲೇ ಅಲ್ಯುಮಿನಿಯಂ ಕರಗಿಸಿ ಆಟಿಗೆ ಟ್ರ್ಯಾಕ್ಟರ್ ಎರಕ ಹೊಯ್ಯಲು ಶುರು ಮಾಡಿದ. ಕಂಪನಿ ಆಮೇಲೆ ಪಕ್ಕದ ಡೈಯರ್ಸ್‌ವಿಲ್ ಊರಿಗೆ ಹೋಯಿತು. ಆ ಊರಿನಲ್ಲಿ ಈಗ ಕೃಷಿ ಆಟಿಗೆ ಸಾಮಾನಿಗೆ ಅಂತಲೇ ಒಂದು ಮ್ಯೂಸಿಯಂ ಇದೆ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1948ರಲ್ಲಿ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿನ ಮಾಡೆಲ್ ತಂದಿತು. ಅಲ್ಲಿನವರು ಅಂಗಡಿಯ ಮಾಡೆಲ್ ಕೊಂಡು ಹಾಗೇ ಇಡುವುದಿಲ್ಲ. ಗಾಲಿ ಬದಲಿಸುತ್ತಾರೆ, ಕ್ಯಾಬಿನ್ ಕತ್ತರಿಸುತ್ತಾರೆ, ಬೇರೆ ಬಣ್ಣ ಹೊಡೆಯುತ್ತಾರೆ. ಅದಕ್ಕೆ ಕನ್ವರ್ಷನ್ ಅನ್ನುತ್ತಾರೆ. ನಾವು ಅದಕ್ಕೆ 'ಮಾಡಿಫೈ' ಅಂತೀವಿ.

ನನ್ನ ಮೊದಲ ಮಾಡಿಫೈ ಗೋಕಾಕ ಪೇಟೆಯಲ್ಲಿ ಕೊಂಡ ಪ್ಲಾಸ್ಟಿಕ್ ಟ್ರ್ಯಾಕ್ಟರಿನದು. ಹಿಂದಕ್ಕೆ ಎಳೆದು ಬಿಟ್ಟರೆ ಮುಂದೆ ಓಡುತ್ತದಲ್ಲ, ಅದು. ಮೇಲೆ ಹುಡ್ ಹಾಕಿದೆ, ಮುಂದೆ ಬಂಪರ್ ಹಾಕಿದೆ, ಗೊಂಡೆ ಕಟ್ಟಿದೆ. ನೋಡಲು ಚಂದ ಆಯ್ತು. ಆದರೂ ನಮ್ಮ ಟ್ರ್ಯಾಕ್ಟರ್ ಥರ ಕಾಣಲಿಲ್ಲ. ಬಹಳ ದಿನ ಯಾಕಂತ ತಿಳಿಯಲಿಲ್ಲ. ಆಮೇಲೆ ಗೊತ್ತಾಯ್ತು: ಹಿಂದಿನ ಗಾಲಿ ಸಣ್ಣದು. ಟ್ರ್ಯಾಕ್ಟರಿನ ಗತ್ತು ಇರೋದೇ ಹಿಂದಿನ ಗಾಲಿಯಲ್ಲಿ. ಅದು ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ತಪ್ಪೇ.

2019ರ ಆಗಸ್ಟ್

ಈಗ ಸ್ವಲ್ಪ ಕಷ್ಟದ ಭಾಗ.

2019ರ ಆಗಸ್ಟ್ ಮೊದಲ ವಾರ. ನಮ್ಮ ಟ್ರ್ಯಾಕ್ಟರಿನ ಸ್ಟಾರ್ಟರ್ ಕೆಟ್ಟಿತ್ತು. ಅದನ್ನು ಬಿಚ್ಚಿ ಗೋಕಾಕಕ್ಕೆ ರಿಪೇರಿಗೆ ಒಯ್ದವನು ನಾನು. "ರೆಡಿ ಆಗೇತಿ, ಒಯ್ರಿ" ಅಂತ ಫೋನ್ ಬಂತು. ನಾನು "ನಾಳೆ ಬರ್ತೀನ್ರಿ" ಅಂದೆ. ಯಾಕಂದರೆ ಆವತ್ತು ಗೆಳೆಯರ ಜೊತೆ ಫಾಲ್ಸ್ ನೋಡಲು ಹೋಗಿದ್ದೆ. ಮಳೆಗೆ ಫಾಲ್ಸ್ ತುಂಬಿ ಧುಮುಕುತ್ತಿತ್ತು. ನಿಂತು ವಿಡಿಯೊ ಮಾಡಿದೆವು. ಕೆಂಪು ನೀರು, ಆ ಸದ್ದು, ಮುಖಕ್ಕೆ ಬಡಿಯುವ ತುಂತುರು. ಆ ವಿಡಿಯೊ ಈಗಲೂ ಫೋನಿನಲ್ಲಿದೆ. ನಾನು ನಿಂತು ನೋಡುತ್ತಿದ್ದದ್ದು ನಮ್ಮೂರಿಗೆ ಬರುತ್ತಿದ್ದ ನೀರು ಅಂತ ನನಗೆ ಹೊಳೆಯಲೇ ಇಲ್ಲ.

ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರು. ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೂ ತುಂಬಿ ಬಂದು ಘಟಪ್ರಭೆಗೆ ಕೂಡಿಕೊಂಡವು. ಲೋಳಸೂರ ಸೇತುವೆ ಮುಳುಗಿತು. ಗೋಕಾಕ ಊರೊಳಗೇ ನೀರು ಬಂತು. ಸ್ಟಾರ್ಟರ್ ಇದ್ದ ಅಂಗಡಿಯೊಳಗೂ ಬಂತು. ನಾನು ಊರು ಮುಟ್ಟಲು ಆಗಲೇ ಇಲ್ಲ.

ಊರಲ್ಲಿ ಅಪ್ಪ, ಅವ್ವ, ಕಾಕಾ ದನ ಬಿಚ್ಚಿಕೊಂಡು, ಆಯಿಯನ್ನು ಕರೆದುಕೊಂಡು ಎತ್ತರದ ಶಾಲೆಗೆ ಹೋದರು. ಸ್ಟಾರ್ಟರ್ ಇಲ್ಲದ ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಉಳಿಯಿತು. ನೂಕಿ ಚಾಲೂ ಮಾಡಲು ಇಳಿಜಾರಿಲ್ಲ, ಇರುವುದು ಬರೇ ರಾಡಿ. ಬೇರೆಯವರ ಟ್ರ್ಯಾಕ್ಟರುಗಳು ಅವರವರ ಮಂದಿಯನ್ನು ಸಾಗಿಸುತ್ತಿದ್ದವು. ನಾಲ್ಕು ದಿನ ಅದು ನೀರಿನ ಕೆಳಗೆ ನಿಂತಿತ್ತು.

ನೀರು ಇಳಿದ ಮೇಲೆ ಮಿಸ್ತ್ರಿ ಬಂದು ಎಂಜಿನ್ ಬಿಚ್ಚಿದ. ಒಳಗೆಲ್ಲ ರೇವೆ ಮಣ್ಣು. ಅವನು ಹೇಳಿದ ರೊಕ್ಕಕ್ಕೆ ಇನ್ನೊಂದು ಹಳೇ ಟ್ರ್ಯಾಕ್ಟರೇ ಬರುತ್ತಿತ್ತು. ಅದರ ಮೇಲೆ ಇದು ಎಚ್‌ಎಂಟಿ. ನಿಮ್ಮ ಅಜ್ಜನ ಕೈಯಲ್ಲಿ ವಾಚ್ ಇತ್ತಲ್ಲ, ಅದೇ ಎಚ್‌ಎಂಟಿ. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ಜೊತೆ ಸೇರಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನ ಮಾಡಿತು. ಕಂಪನಿಯೇ ಬಂದ್ ಆದ ಮೇಲೆ ಸಾಮಾನು ಎಲ್ಲಿಂದ ತರೋದು?

ಗುಜರಿಯವನು ಬಂದ. ತೂಕಕ್ಕೆ ಕೊಟ್ಟೆವು. ಹದಿನೆಂಟು ಇಪ್ಪತ್ತು ಕ್ವಿಂಟಲ್ ಕಬ್ಬಿಣ. ಅಪ್ಪ ಆವತ್ತು ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬಂದ. ಹದಿನೈದು ದಿನ ಬಿಟ್ಟು ನಾನು ಗೋಕಾಕಕ್ಕೆ ಹೋಗಿ ಸ್ಟಾರ್ಟರ್ ತಂದೆ. ಟ್ರ್ಯಾಕ್ಟರ್ ಇಲ್ಲ, ಸ್ಟಾರ್ಟರ್ ಇದೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಯಾರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು ಅನ್ನಿಸುತ್ತಿತ್ತು.

ಒಂದೇ ಫೋಟೊ, ಒಂದೇ ಅಳತೆ

2020ರ ಲಾಕ್‌ಡೌನ್. ಅಂಗಡಿ ಬಂದ್, ನಾನು ಊರಲ್ಲಿ. ಹಿತ್ತಲಲ್ಲಿ ತುಂಡು ಪೈಪ್ ಬಿದ್ದಿದ್ದವು. ನಮ್ಮ ಎಚ್‌ಎಂಟಿ ಮಾಡಬೇಕು ಅಂತ ಆಗ ತಲೆಗೆ ಬಂತು.

ಅದರ ಮಾಡೆಲ್ ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ಹೊಸ ಟ್ರ್ಯಾಕ್ಟರುಗಳದ್ದು ಆದರೂ ಸಿಗಬಹುದು. ಅದಕ್ಕೇ ಎಲ್ಲವನ್ನೂ ಕೈಯಿಂದಲೇ ಕಟ್ಟಬೇಕಿತ್ತು. ನನ್ನ ಹತ್ತಿರ ಇದ್ದದ್ದು ಎರಡೇ ವಸ್ತು. ಒಂದು ಖಂಡೆ ಪೂಜೆ ದಿನ ಬದಿಯಿಂದ ತೆಗೆದ ಫೋಟೊ. ಇನ್ನೊಂದು ಟ್ರಂಕಿನಲ್ಲಿ ಉಳಿದಿದ್ದ ಆರ್‌ಸಿಯ ಝೆರಾಕ್ಸ್.

ಫೋಟೊದಿಂದ ಅಳತೆ ತೆಗೆಯುವುದು ಹೇಗೆ? ಫೋಟೊದಲ್ಲಿ ಒಂದು ವಸ್ತುವಿನ ನಿಜವಾದ ಅಳತೆ ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ತ್ರೈರಾಶಿ ಲೆಕ್ಕ. ಟ್ರ್ಯಾಕ್ಟರಿನಲ್ಲಿ ಆ ವಸ್ತು ಟೈರ್. ಟೈರಿನ ಮೇಲೇ ನಂಬರ್ ಬರೆದಿರುತ್ತದೆ. ನಮ್ಮದು ಹಿಂದೆ 13.6-28. ಅಂಗಡಿಯಲ್ಲಿ ದಿನಾ ಕೇಳುವ ನಂಬರ್ ಅದು. 13.6 ಅಂದರೆ ಟೈರಿನ ಅಗಲ, ಇಂಚಿನಲ್ಲಿ. 28 ಅಂದರೆ ಒಳಗಿನ ಡಿಸ್ಕಿನ ವ್ಯಾಸ, ಅದೂ ಇಂಚಿನಲ್ಲಿ. ಇಂಥ ಟೈರಿನ ಪೂರ್ತಿ ಎತ್ತರ ಸುಮಾರು 130 ಸೆಂಟಿಮೀಟರ್. ಮುಂದಿನ 6.00-16 ಟೈರ್ ಸುಮಾರು 73 ಸೆಂಟಿಮೀಟರ್. ಫೋಟೊದಲ್ಲಿ ಹಿಂದಿನ ಗಾಲಿ ಎಷ್ಟು ಮಿಲಿಮೀಟರ್ ಕಾಣುತ್ತದೆ ಅಂತ ಅಳೆದೆ. ಆ ಲೆಕ್ಕದ ಮೇಲೆ ಬಾನೆಟ್ ಉದ್ದ, ಮಡ್‌ಗಾರ್ಡ್ ಎತ್ತರ, ಸೀಟು, ಸೈಲೆನ್ಸರ್ ಎಲ್ಲ ಬರೆದುಕೊಂಡೆ. ಎರಡು ಗಾಲಿ ನಡುವಿನ ಅಂತರ ಆರ್‌ಸಿಯಲ್ಲಿ ವೀಲ್‌ಬೇಸ್ ಅಂತ ಬರೆದಿತ್ತು. ಅದರ ಜೊತೆ ತಾಳೆ ನೋಡಿದೆ. ಹೊಂದಿತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

1:10 ಯಾಕೆ ತಗೊಂಡೆ ಅಂದ್ರ, ಕೇಳ್ರಿ, ಇದು ಮಜಾ ಐತಿ. ಹಿಂದಿನ ಟೈರ್ 130 ಸೆಂಟಿಮೀಟರ್ ಅಂದರೆ ಮಾಡೆಲ್‌ನಲ್ಲಿ 130 ಮಿಲಿಮೀಟರ್. ನಾಲ್ಕು ಇಂಚಿನ ಪೈಪ್ ಅಂತೀವಲ್ಲ, ಅದರ ಹೊರಗಿನ ಅಳತೆ 110 ಮಿಲಿಮೀಟರ್. ಅದರ ಸುತ್ತ 10 ಮಿಲಿಮೀಟರ್ ದಪ್ಪದ ಚಪ್ಪಲಿ ರಬ್ಬರ್ ಸುತ್ತಿದರೆ ಎರಡೂ ಕಡೆ ಸೇರಿ 130. ಮುಂದಿನ ಟೈರಿಗೆ 73 ಮಿಲಿಮೀಟರ್ ಬೇಕು. ಹೊಲದಲ್ಲಿ ಹಾಕುವ 63 ಮಿಲಿಮೀಟರ್ ಪೈಪಿಗೆ 5 ಮಿಲಿಮೀಟರ್ ರಬ್ಬರ್ ಸುತ್ತಿದರೆ ಸರಿಯಾಗಿ 73. ಹೊಲಕ್ಕೆ ನೀರು ತಂದ ಪೈಪೇ ಟ್ರ್ಯಾಕ್ಟರಿನ ಗಾಲಿ ಆಯ್ತು.

ಬಾನೆಟ್ ಮಾಡುವುದೂ ಪೈಪಿನಿಂದಲೇ. ಪೈಪ್ ಉದ್ದಕ್ಕೆ ಸೀಳಿ, ಬಿಸಿ ಮಾಡಿದರೆ ಹಪ್ಪಳದಂತೆ ಮೆತ್ತಗಾಗುತ್ತದೆ. ಎರಡು ಹಲಗೆ ನಡುವೆ ಒತ್ತಿದರೆ ಸಪಾಟು ಹಾಳೆ. ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಈ ಕೆಲಸ ಬಯಲಿನಲ್ಲೇ ಮಾಡ್ರಿ, ಪೈಪಿಗೆ ನೇರ ಬೆಂಕಿ ತಾಗಿಸಬ್ಯಾಡ್ರಿ. ಪಿವಿಸಿ ಸುಟ್ಟರೆ ಬರುವ ಹೊಗೆ ಎದೆಗೆ ಕೆಟ್ಟದ್ದು. ಸಂದು ಮುಚ್ಚಲು ಫೆವಿಕ್ವಿಕ್, ಅದರ ಮೇಲೆ ಚಿಟಿಕೆ ಅಡುಗೆ ಸೋಡಾ. ತಕ್ಷಣ ಕಲ್ಲಾಗುತ್ತದೆ. ಆಮೇಲೆ ಪಾಲಿಶ್ ಪೇಪರ್.

ಬಣ್ಣದ ಪಾಠ ಕಲಿತದ್ದು ಗೋಕಾಕದಲ್ಲಿ. ಕರದಂಟಿನ ಜೊತೆ ಗೋಕಾಕಕ್ಕೆ ಹೆಸರು ತಂದದ್ದು ಬಣ್ಣದ ಗೊಂಬೆ, ಮತ್ತೆ ಮುಟ್ಟಿ ನೋಡುವ ತನಕ ನಿಜವೇ ಅನ್ನಿಸುವ ಹಣ್ಣು ಕಾಯಿಪಲ್ಲೆ. ಆ ಕೆಲಸದ ಹಿರಿಯರೊಬ್ಬರಿಗೆ ನನ್ನ ಬಾನೆಟ್ ತೋರಿಸಿದೆ. ಬಣ್ಣ ಸಿಪ್ಪೆ ಏಳುತ್ತಿತ್ತು. "ಮೊದಲ ಬಿಳಿ ಅಸ್ತರ ಹಚ್ಚಬೇಕೋ ತಮ್ಮಾ, ಅದು ಒಣಗಿದ ಮ್ಯಾಲ ಬಣ್ಣ" ಅಂದರು. ಇನ್ನೊಂದು ಮಾತೂ ಅಂದರು. "ಪ್ಯಾರಲ ಹಣ್ಣಿಗೆ ಒಂದು ಕಲೆ ಹಾಕಲಿಲ್ಲಂದ್ರ ಅದು ಹಣ್ಣು ಅನಸೂದಿಲ್ಲ." ನಾನು ಆಗ ಸುಮ್ಮನೆ ತಲೆಯಾಡಿಸಿ ಬಂದೆ. ಅರ್ಥ ಆದದ್ದು ಆಮೇಲೆ.

ಗಾಲಿಯ ನಡುವಿನ ಹಬ್ ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ. ಅದಕ್ಕೆ ಹುಕ್ಕೇರಿಯ ಒಂದು ಲೇತ್ ಅಂಗಡಿಗೆ ಹೋದೆ. ಮಾಲೀಕರು ಒಂದೇ ಮಾತು ಹೇಳಿದರು: "ಬಾಯಿಲೆ ಹೇಳಬ್ಯಾಡ, ಚಿತ್ರಾ ಬರಕೊಂಡ ಬಾ, ಮಿಲಿಮೀಟರ್ ಹಾಕಿ." ಮೂರು ಸಲ ಬರೆದುಕೊಂಡು ಹೋದೆ. ಎರಡು ಸಲ ವಾಪಸ್ ಕಳಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿದವನು ನಾನು. ಮೂರನೇ ಚಿತ್ರ ನೋಡಿ ಅವರು ಮಾತಿಲ್ಲದೆ ಮಷೀನ್ ಚಾಲೂ ಮಾಡಿದರಲ್ಲ, ಅದು ನನಗೆ ಸರ್ಟಿಫಿಕೇಟ್ ಇದ್ದಂಗ.

ಇಲಿ ಥರ ಓಡಬಾರದು

ರೀಲ್ಸ್‌ನಲ್ಲಿ ಬಹಳ ಮಾಡೆಲ್‌ಗಳು ಇಲಿ ಥರ ಓಡುತ್ತವೆ. ಅದಕ್ಕೇ ಸುಳ್ಳು ಅನ್ನಿಸುತ್ತವೆ. ವೇಗಕ್ಕೂ ಸ್ಕೇಲ್ ಇದೆ. ನಿಜವಾದ ಟ್ರ್ಯಾಕ್ಟರ್ ಹೊಲದಲ್ಲಿ ಗಂಟೆಗೆ 5 ಕಿಲೋಮೀಟರ್ ಹೋದರೆ, ಒಂದಕ್ಕೆ ಹತ್ತರ ಮಾಡೆಲ್ ಗಂಟೆಗೆ ಅರ್ಧ ಕಿಲೋಮೀಟರ್ ಹೋಗಬೇಕು. ಲೆಕ್ಕ ಹಾಕಿದರೆ ಹಿಂದಿನ ಗಾಲಿ ನಿಮಿಷಕ್ಕೆ ಸುಮಾರು 20 ಸುತ್ತು. ರೋಡಿನ ಮೇಲೆ ಗಂಟೆಗೆ 30 ಕಿಲೋಮೀಟರ್ ಅಂದರೆ ನಿಮಿಷಕ್ಕೆ 120 ಸುತ್ತು. ಆಟಿಗೆ ಸಾಮಾನಿನ ಮೋಟರ್ ಹಚ್ಚಿದರೆ ಇದು ಆಗಲ್ಲ. ಗೇರ್ ಇರುವ ನಿಧಾನದ ಮೋಟರ್ ಬೇಕು. ನಾನು ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಮೋಟರ್ ಕೊಟ್ಟೆ. ಒಂದೇ ಅಚ್ಚಿಗೆ ಎರಡೂ ಗಾಲಿ ಬಿಗಿದರೆ ತಿರುವಿನಲ್ಲಿ ಮಾಡೆಲ್ ತಿಣುಕುತ್ತದೆ, ಯಾಕಂದರೆ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು. ದೊಡ್ಡ ಟ್ರ್ಯಾಕ್ಟರಿನಲ್ಲಿ ಡಿಫರೆನ್ಷಿಯಲ್ ಇರುವುದು ಇದಕ್ಕೇ. ಐದು ವರ್ಷ ಟ್ರ್ಯಾಕ್ಟರ್ ಹೊಡೆದಿದ್ದೆ, ಅದು ಯಾಕಿದೆ ಅಂತ ತಿಳಿದದ್ದು ಮಾಡೆಲ್ ಮಾಡುವಾಗ.

ತೂಕದ ಲೆಕ್ಕ ಇನ್ನೂ ವಿಚಿತ್ರ. ಉದ್ದ ಹತ್ತನೇ ಒಂದು ಆದರೆ ತೂಕ ಸಾವಿರದ ಒಂದು ಪಾಲು ಆಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಹತ್ತು ಪಟ್ಟು ಕಡಿಮೆ ಆಗುತ್ತವಲ್ಲ, ಅದಕ್ಕೆ. 1,800 ಕಿಲೋ ಟ್ರ್ಯಾಕ್ಟರ್ ಇಲ್ಲಿ 1.8 ಕಿಲೋ. ಪೈಪಿನ ಮಾಡೆಲ್ ಅಷ್ಟೂ ತೂಗುವುದಿಲ್ಲ, ಟ್ರ್ಯಾಲಿ ಎಳೆಯುವಾಗ ಗಾಲಿ ಜಾರುತ್ತದೆ. ನಿಜವಾದ ಟೈರಿಗೆ ನಾವು ನೀರು ತುಂಬಿಸ್ತೀವಲ್ಲ, ಹಾಗೆ ನಾನು ಗಾಲಿಯೊಳಗೆ ಉಸುಕು ತುಂಬಿದೆ. ಜಾರುವುದು ನಿಂತಿತು.

ಟ್ರ್ಯಾಲಿ ಎತ್ತಲು ಎರಡು ಸಿರಿಂಜ್, ನಡುವೆ ಸಣ್ಣ ನಳಿಕೆ, ಒಳಗೆ ನೀರು. ಸಣ್ಣ ಸಿರಿಂಜ್ ಒತ್ತಿದರೆ ದೊಡ್ಡ ಸಿರಿಂಜ್ ನಿಧಾನ ಏಳುತ್ತದೆ, ಆದರೆ ಜೋರಾಗಿ ಎತ್ತುತ್ತದೆ. ಹೈಸ್ಕೂಲಿನಲ್ಲಿ ಪಾಸ್ಕಲ್ ನಿಯಮ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದು ಇದೇ.

"ಗಾಲಿ ಉಲ್ಟಾ ಹಾಕೀಯಲ್ಲೋ"

ಇಷ್ಟೆಲ್ಲ ಆಗುವಾಗ ಅಪ್ಪ ಒಂದು ದಿನವೂ ನನ್ನ ಟೇಬಲ್ ಹತ್ತಿರ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ. ಅವ್ವ ಮಾತ್ರ "ಊಟಕ್ಕ ಬಾರೋ, ಟ್ರ್ಯಾಕ್ಟರ್ ಓಡಿ ಹೋಗೂದಿಲ್ಲ" ಅಂತ ಒದರುತ್ತಿದ್ದಳು.

ಬಹಳ ದಿನ ಹಿಡಿದು ಟೈರಿನ ಹಲ್ಲು ಅಂಟಿಸಿದ್ದೆ. ಚಪ್ಪಲಿ ರಬ್ಬರನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದಾಗಿ, ಓರೆಯಾಗಿ. ಎರಡೂ ಗಾಲಿ ಮುಗಿಸಿ ಇಟ್ಟ ರಾತ್ರಿ ಅಪ್ಪ ಬಂದ. ಹಿಂದಿನಿಂದ ಬಗ್ಗಿ ನೋಡಿದ.

"ಬಲಗಡೀ ಗಾಲಿ ಉಲ್ಟಾ ಹಾಕೀಯಲ್ಲೋ."

ನನಗೆ ತಿಳಿಯಲಿಲ್ಲ. ಅಪ್ಪ ಬೆರಳಿಟ್ಟು ತೋರಿಸಿದ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಹಲ್ಲುಗಳು ಮೇಲ್ಮುಖದ ಬಾಣದ ಹಾಗೆ ಕಾಣಬೇಕು. ಆಗ ಗಾಲಿ ಉರುಳುವಾಗ ಆ ಬಾಣದ ತುದಿ ಮೊದಲು ನೆಲಕ್ಕೆ ತಾಗಿ, ಮಣ್ಣು ಎರಡೂ ಬದಿಗೆ ಸರಿದು ಹೋಗುತ್ತದೆ. ನಾನು ಎರಡು ಗಾಲಿಯನ್ನೂ ಒಂದೇ ಥರ ಅಂಟಿಸಿದ್ದೆ. ಒಂದು ಗಾಲಿ ಇನ್ನೊಂದರ ಕನ್ನಡಿ ಬಿಂಬದ ಹಾಗಿರಬೇಕು ಅಂತ ನನಗೆ ಹೊಳೆದಿರಲಿಲ್ಲ. "ಹಿಂಗ ಇದ್ರ ಹಸಿ ಹೊಲದಾಗ ಒಂದು ಸಾಲೂ ಹೊಡ್ಯೂದಿಲ್ಲ ಇದು. ಹಲ್ಲಿನಾಗ ರಾಡಿ ತುಂಬಿಕೊಂಡು ಅಲ್ಲೇ ಕುಂದ್ರತೈತಿ."

ಟೈರ್ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ನಾಚಿಕೆ ಆಯ್ತು. ಬಲಗಡೆಯ ಹಲ್ಲು ಎಲ್ಲ ಕಿತ್ತೆ. ಅಪ್ಪ ಹೋಗಲಿಲ್ಲ. ಕುಂತ. ಬ್ಲೇಡ್ ತಗೊಂಡ. ಇಬ್ಬರೂ ಕೂಡಿ ಕತ್ತರಿಸಿದೆವು. ಸ್ವಲ್ಪ ಹೊತ್ತಿಗೆ ಅಪ್ಪ ಅಂದ, "ಎಡಗಡೀ ಮಡ್‌ಗಾರ್ಡಿಗೆ ತಗ್ಗ ಇಲ್ಲಲ್ಲ."

ಬಾವಿ ಹತ್ತಿರ ರಿವರ್ಸ್ ತೆಗೆಯುವಾಗ ಬೇವಿನ ಗಿಡಕ್ಕೆ ಬಡಿದು ಆದ ತಗ್ಗು ಅದು. ಫೋಟೊದಲ್ಲಿ ಆ ಬದಿ ಇರಲಿಲ್ಲ. ನಾನು ಮರೆತಿದ್ದೆ. ಅಪ್ಪ ಎಲ್ಲಿ, ಎಷ್ಟು ಆಳ ಅಂತ ಬೆರಳಿನಿಂದ ತೋರಿಸಿದ. ಚಮಚ ಬಿಸಿ ಮಾಡಿ ಒತ್ತಿದೆ. ಗೊಂಬೆಯ ಹಿರಿಯರು ಹಣ್ಣಿನ ಕಲೆ ಅಂದಿದ್ದು ಆಗ ತಿಳಿಯಿತು. ಅಲ್ಲಿಯ ತನಕ ಅದು ಒಂದು ಎಚ್‌ಎಂಟಿ 3522 ಆಗಿತ್ತು. ತಗ್ಗು ಬಿದ್ದ ಮೇಲೆ ನಮ್ಮ ಟ್ರ್ಯಾಕ್ಟರ್ ಆಯ್ತು.

ಧೈರ್ಯ ಮಾಡಿ ನಾನು ಕೇಳಿಬಿಟ್ಟೆ. "ಅಪ್ಪಾ, ಆವತ್ತ ನಾ ಸ್ಟಾರ್ಟರ್ ತಂದಿದ್ರ ಟ್ರ್ಯಾಕ್ಟರ್ ಉಳೀತಿತ್ತಲ್ಲ?"

ಅಪ್ಪ ತಲೆ ಎತ್ತಲಿಲ್ಲ. ಕತ್ತರಿಸುತ್ತಲೇ ಇದ್ದ. "ನೀ ಅದನ್ನ ಇನ್ನೂ ತಲ್ಯಾಗ ಇಟಗೊಂಡೀಯೇನು? ಸ್ಟಾರ್ಟರ್ ಇದ್ದಿದ್ರೂ ನಾ ಟ್ರ್ಯಾಕ್ಟರ್ ತಗೀತಿರಲಿಲ್ಲೋ. ಹೊಳಿ ಬಂದಾಗ ಮೊದಲ ಮಂದಿ, ಆಮ್ಯಾಲ ದನ. ಕಬ್ಬಿಣ ಕಡೀಗೆ. ನೀ ಆವತ್ತ ಊರಾಗ ಇರಲಿಲ್ಲ, ನಿಮ್ಮವ್ವಗ ಅದs ದೊಡ್ಡ ಸಮಾಧಾನ ಆಗಿತ್ತು."

ಅದು ಪೂರ್ತಿ ನಿಜವೋ, ನನ್ನ ಸಲುವಾಗಿ ಹೇಳಿದ್ದೋ ಗೊತ್ತಿಲ್ಲ. ಕೇಳುವುದಕ್ಕೂ ಹೋಗಲಿಲ್ಲ. ಆದರೆ ಎರಡು ವರ್ಷ ಆಗದ ಮಾತು ಆ ರಾತ್ರಿ ಚಪ್ಪಲಿ ರಬ್ಬರ್ ಕತ್ತರಿಸುವಾಗ ಆಯ್ತು.

ಆಮೇಲೆ

ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ವಾರದೊಳಗೆ ಹುಕ್ಕೇರಿ ಕಡೆಯಿಂದ ಒಬ್ಬರ ಫೋನ್ ಬಂತು, ನಮ್ಮಪ್ಪನ ವಯಸ್ಸಿನವರು. ಸಾಲದ ಕಂತು ಕಟ್ಟಲು ಆಗದೆ ಅವರ ಟ್ರ್ಯಾಕ್ಟರ್ ಒಯ್ದಿದ್ದರು. "ಅದರದ್ದ ಒಂದು ಸಣ್ಣದು ಮಾಡಿ ಕೊಡ್ತೀಯೇನಪಾ? ಮೊಮ್ಮಗ ಕೇಳತಾನ, ನಮ್ಮ ಟ್ರ್ಯಾಕ್ಟರ್ ಹೆಂಗಿತ್ತಂತ." ಮಾಡಿ ಕೊಟ್ಟೆ. ಸಾಮಾನಿನ ಖರ್ಚು ತಗೊಂಡೆ, ಕೂಲಿ ಎಷ್ಟು ಹೇಳಬೇಕು ಅಂತ ತಿಳಿಯಲಿಲ್ಲ. ಅವರು ಒಂದು ಚೀಲ ಮೆಣಸಿನಕಾಯಿ ಕೊಟ್ಟು ಹೋದರು. ಆಮೇಲೆ ಬಂದವರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಕಂಪನಿ ಅಂತ ಅಲ್ಲ, ಎಲ್ಲಿ ಬಡಿಸಿಕೊಂಡಿತ್ತು ಅಂತ. ಆ ಪ್ರಶ್ನೆಗೆ ಉತ್ತರ ಹೇಳದವರು ಇಲ್ಲ.

ನೀವೂ ಶುರು ಮಾಡುವುದಾದರೆ ನಾಲ್ಕೇ ಮಾತು. ಒಂದು, ಇವತ್ತೇ ಹೋಗಿ ನಿಮ್ಮ ಮನೆಯ ಟ್ರ್ಯಾಕ್ಟರಿನ ಫೋಟೊ ತೆಗೀರಿ, ನಾಲ್ಕೂ ಕಡೆಯಿಂದ, ಮೇಲಿನಿಂದಲೂ. ಟೈರಿನ ನಂಬರ್ ಬರೆದಿಡ್ರಿ. ನನಗೆ ಒಂದೇ ಫೋಟೊ ಇತ್ತು, ಆ ಕಷ್ಟ ನಿಮಗೆ ಬ್ಯಾಡ. ಎರಡು, ಮೊದಲು ಗಾಲಿ ಮಾಡ್ರಿ, ಆಮೇಲೆ ಉಳಿದದ್ದು. ಮೂರು, ಹಳೇ ಲ್ಯಾಪ್‌ಟಾಪ್ ಸೆಲ್ ಹಾಕುವುದಾದರೆ ಪ್ರೊಟೆಕ್ಷನ್ ಬೋರ್ಡ್ ಇಲ್ಲದೆ ಹಾಕಬ್ಯಾಡ್ರಿ, ಚಾರ್ಜಿಗೆ ಇಟ್ಟು ಮಲಗಬ್ಯಾಡ್ರಿ. ನಾಲ್ಕು, ಮುಂದಿನ ಗಾಲಿ ಎತ್ತುವ ಸ್ಟಂಟ್ ಮಾಡುವ ಚಟ ಇದ್ದರೆ ಮಾಡೆಲ್ ಮೇಲೆ ಮಾಡ್ರಿ. ಇದು ಬಿದ್ದರೆ ಫೆವಿಕ್ವಿಕ್ ಸಾಕು. ದೊಡ್ಡ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿದರೆ ಕೆಳಗಿದ್ದವನಿಗೆ ಫೆವಿಕ್ವಿಕ್ ಇಲ್ಲ.

2021ರ ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಆಯಿ ಇರಲಿಲ್ಲ. ಅವ್ವ ಮಣ್ಣಿನ ಎತ್ತು ತಂದು ಜಗಲಿ ಮೇಲೆ ಇಟ್ಟಿದ್ದಳು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ನನ್ನ ಟೇಬಲ್ ಖಾಲಿ. ನೋಡಿದರೆ ಎತ್ತಿನ ಬಾಜೂಕ ನಮ್ಮ ಎಚ್‌ಎಂಟಿ, ಬಾನೆಟ್ ಮೇಲೆ ಕುಂಕುಮ. ಅದರ ಪಕ್ಕ ಅಟ್ಟದ ಮೇಲಿದ್ದ ಸ್ಟಾರ್ಟರ್. ಮಾಡೆಲ್‌ಗಿಂತ ಅದೇ ಭಾರ. ಇಳಿಸಿ, ಒರೆಸಿ ಇಟ್ಟವರು ಯಾರು ಅಂತ ನಾನು ಕೇಳಲಿಲ್ಲ. ಅಪ್ಪ ಹೊರಗೆ ಕಟ್ಟೆ ಮೇಲೆ ಕುಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಇಷ್ಟೇ ನೋಡ್ರಿ ನನ್ನ ಕಥೆ. ನಿಮ್ಮ ಮನೆಯ ಟ್ರ್ಯಾಕ್ಟರಿಗೆ ಎಲ್ಲಿ ತಗ್ಗು ಬಿದ್ದಿದೆ ಅಂತ ಇವತ್ತು ನಿಮ್ಮ ಅಪ್ಪಗೋ ಕಾಕಾಗೋ ಕೇಳಿ ನೋಡ್ರಿ. ಅರ್ಧ ತಾಸು ಮಾತು ಬರತೈತಿ. ಮತ್ತ ಸಿಗೂಣ್ರಿ, ನಮಸ್ಕಾರ.

[ಸಣ್ಣ ಮೋಟರಿನ ಶಬ್ದ ನಿಧಾನವಾಗಿ ನಿಲ್ಲುತ್ತದೆ]